ನನ್ನ ಯಜಮಾನರಿಗೆ ತಿರುವು ಕಲಿಸಿದ ಮಹನೀಯರಿಗೆ

ಖಡಕಿ, ಪುಣೆ
೧೨ ಫೆಬ್ರವರಿ ೨೦೦೩

ಮುಖ್ಯ ತರಬೇತುದಾರರು,
ವಾಯುವೇಗ ರೇಸಿಂಗ್ ಶಾಲೆ, ಕೊಂಢವಾ ಆಚೆಯ ಬಯಲು

ಮಾನ್ಯರೇ,

ತಮಗೂ ತಮ್ಮ ಟೈರುಗಳಿಗೂ ಅನಂತ ನಮಸ್ಕಾರಗಳು. ನಾನು ಹರಿಣಾಕ್ಷಿ, ಕಳೆದ ತಿಂಗಳು ತಮ್ಮ ಟ್ರ್ಯಾಕಿನಲ್ಲಿ ಎರಡು ಭಾನುವಾರ ತಿರುವು ತೆಗೆದುಕೊಳ್ಳುವ ವಿದ್ಯೆ ಕಲಿತು ಪ್ರಮಾಣಪತ್ರ ಪಡೆದ ಮಧುಕರರ ಧರ್ಮಪತ್ನಿ. ಅವರು ಸರಕಾರಿ ಉಗ್ರಾಣವೊಂದರಲ್ಲಿ ಗುಮಾಸ್ತರು. ಇಪ್ಪತ್ತಾರು ವರ್ಷ ರಸ್ತೆಯ ಎಡಬದಿ ಬಿಟ್ಟು ಕದಲದ, ಹಾರ್ನ್ ಒತ್ತುವುದಕ್ಕೂ ಸಂಕೋಚಪಡುವ ಮನುಷ್ಯ. ಅಂಥವರನ್ನು ಎರಡೇ ಭಾನುವಾರಗಳಲ್ಲಿ ಈಗಿನ ಸ್ಥಿತಿಗೆ ತಂದ ತಮ್ಮ ಕೈಗುಣವನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ತಿರುವಿನಲ್ಲಿ ಹೊರಗಿನಿಂದ ಬಂದು, ಒಳಗಿನ ಅಂಚು ಸವರಿ, ಮತ್ತೆ ಹೊರಕ್ಕೆ ಹೋಗಬೇಕೆಂಬ ತಮ್ಮ ಉಪದೇಶವನ್ನು ಅವರು ಮನೆಯೊಳಗೂ ಪಾಲಿಸುತ್ತಿದ್ದಾರೆ. ಅಡುಗೆಮನೆಗೆ ಬರಬೇಕೆಂದರೆ ಮೊದಲು ಟೀವಿಯ ಗೋಡೆಗೆ ಸರಿದು, ಅಲ್ಲಿಂದ ಓರೆಯಾಗಿ ಬಂದು ಫ್ರಿಜ್ಜಿನ ಮೂಲೆಗೆ ಭುಜ ಸವರಿ, ದೇವರ ಗೂಡಿನ ಬಳಿ ಹೊರಬೀಳುತ್ತಾರೆ. ಶನಿವಾರ ಹನುಮಪ್ಪನ ಗುಡಿಯಲ್ಲಿ ಪ್ರದಕ್ಷಿಣೆ ಹಾಕುವಾಗ ಇಬ್ಬರು ವಯಸ್ಸಾದ ಹೆಂಗಸರನ್ನು ಒಳಗಿನಿಂದ ನುಗ್ಗಿ ಹಿಂದೆ ಹಾಕಿದರು. ಪೂಜಾರಿ ಮರಾಠಿಯಲ್ಲಿ ಏನವಸರವೆಂದು ಕೇಳಿದ್ದಕ್ಕೆ, "ಘಾಯಿ ನಾಹೀ, ಲೈನ್ ಆಹೇ" ಎಂದು, ಅಂದರೆ ಅವಸರವಲ್ಲ, ಸರಿಯಾದ ದಾರಿಯೇ ಇದು ಎಂದು, ಬಹಳ ವಿನಯದಿಂದ ತಿಳಿಸಿದರು.

ಇಷ್ಟನ್ನೂ ತಮ್ಮ ಪ್ರಸಾದವೆಂದು ಸ್ವೀಕರಿಸಿದ್ದೆ. ಆದರೆ ಇದೇ ತಿಂಗಳ ಮೊದಲ ಭಾನುವಾರ ನಮ್ಮ ಮಗಳು ಅನುಜಾಳನ್ನು ನೋಡಲು ತಳೇಗಾಂವದಿಂದ ಓಂಕಾರ್ ಎಂಬ ಹುಡುಗನೂ ಅವನ ತಾಯಿ ತಿಪ್ಪವ್ವನವರೂ ಬಂದರು. ಮೂಲತಃ ಬೆಳಗಾವಿಯವರು. ಹುಡುಗ ಹುಡುಗಿ ಮೊದಲೇ ಒಪ್ಪಿಕೊಂಡಿದ್ದರು. ಈ ಸಂಬಂಧ ತಪ್ಪಿದರೆ ಇನ್ನೊಬ್ಬರ ಮುಂದೆ ಕೂರುವುದಿಲ್ಲವೆಂದು ಅನುಜಾ ಖಡಾಖಂಡಿತವಾಗಿ ಹೇಳಿದ್ದಳು. ತಿಪ್ಪವ್ವನವರೋ ಎರಡು ತಾಸು ಕೂತು, ಉಪ್ಪಿಟ್ಟು ತಿಂದು, "ನೋಡೂಣ್ರಿ" ಎಂಬ ಒಂದು ಮಾತಿನ ಹೊರತು ಬಾಯಿ ಬಿಡಲಿಲ್ಲ. ಅನುಜಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಲೋಕಲ್ ರೈಲಿಗೆ ಹತ್ತೇ ನಿಮಿಷ ಉಳಿದಿತ್ತು. ಸ್ಟೇಷನ್ನಿಗೆ ತಾವೇ ಬಿಟ್ಟುಬರುವುದಾಗಿ ಯಜಮಾನರು ಕಾರಿನ ಕೀಲಿ ತೆಗೆದಾಗ ನಾನೂ ಓಡಿಹೋಗಿ ಹಿಂದಿನ ಸೀಟಿನಲ್ಲಿ ಕೂತೆ.

ದಂಡಿನ ರಸ್ತೆ ಖಾಲಿಯಿತ್ತು. ಮೊದಲ ಎಡತಿರುವು ಬರುತ್ತಲೇ ತಮ್ಮ ಶಿಷ್ಯರು ಕಾರನ್ನು ಬಲತುದಿಗೆ ಒಯ್ದು, ಅಲ್ಲಿಂದ ಒಳಕ್ಕೆ ಎಸೆದರು. ಒಳಗಿನ ಅಂಚಿನಲ್ಲಿದ್ದ ಎಳನೀರಿನವನು ಮಚ್ಚಿನ ಸಮೇತ ಗಟಾರ ಹಾರಿದ. ಮುಂದೆ ಕೂತಿದ್ದ ತಿಪ್ಪವ್ವನವರು ಯಜಮಾನರ ಹೆಗಲಿಗೆ ಬಡಿದರು. ಹಿಂದೆ ಭಾವೀ ಅಳಿಯ ನನ್ನ ಮಡಿಲಿಗೆ ಬಂದು ಬಿದ್ದ.

"ಗಾಡಿ ನಿಂದರಸ್ರಿ," ಎಂದರು ತಿಪ್ಪವ್ವನವರು.

ಅವರು ಇಳಿದು, ಸೆರಗು ಸರಿಮಾಡಿಕೊಂಡು, ತಿರುವಿನವರೆಗೆ ಹಿಂದಕ್ಕೆ ನಡೆದುಹೋಗಿ, ಡಾಂಬರಿನ ಮೇಲಿನ ಟೈರಿನ ಗುರುತನ್ನು ಬಗ್ಗಿ ನೋಡಿದರು. ಮುಗಿಯಿತು ನನ್ನ ಮಗಳ ಮದುವೆ ಎಂದುಕೊಂಡೆ. ತಿರುಗಿ ಬಂದವರು ಕಿಟಕಿಯ ಮೇಲೆ ಕೈಯಿಟ್ಟು ಹೇಳಿದರು:

"ಬೀಗ್ರ, ತಿರುವಿನ್ಯಾಗ ಹೊಕ್ಕ ಮ್ಯಾಲ ಬ್ರೇಕ್ ಹಿಡದ್ರ ಗಾಡಿ ಮಾತು ಕೇಳತದೇನ್ರಿ? ಸೀದಾ ಇದ್ದಾಗ ಹಿಡೀರಿ, ಬಿಡ್ರಿ, ಆಮ್ಯಾಲ ಹೊಳ್ಳಸ್ರಿ. ಕಣ್ಣು ಬಾನೆಟ್ಟಿನ ಮ್ಯಾಲಲ್ಲ, ಎಲ್ಲಿ ಹೊರಗ ಬೀಳಬೇಕು ಅಲ್ಲಿ ಇಡ್ರಿ."

ಮಾನ್ಯರೇ, ನನಗೆ ಕೇಳಿಸಿದ್ದು ಮೊದಲ ಶಬ್ದ ಒಂದೇ. ಬೀಗ್ರ.

ಗಂಡ ತೀರಿಕೊಂಡ ಮೇಲೆ ಆಕೆ ಹನ್ನೆರಡು ವರ್ಷ ಉಪ್ಪಿನಕಾಯಿಯ ಗಾಜಿನ ಭರಣಿಗಳನ್ನು ಟೆಂಪೊದಲ್ಲಿ ತುಂಬಿ, ತಾವೇ ನಡೆಸಿಕೊಂಡು ಘಾಟು ಇಳಿದು ಮುಂಬಯಿಗೆ ಮುಟ್ಟಿಸಿದವರಂತೆ. ಒಂದು ಭರಣಿಯೂ ಬಿರುಕು ಬಿಡಲಿಲ್ಲವಂತೆ. ಟೆಂಪೊ ಹೊಡೆಯುವವಳ ಮಗನೇ ಎಂದು ಈ ಹಿಂದೆ ಇಬ್ಬರು ಹೆಣ್ಣಿನ ಕಡೆಯವರು ಮೂಗು ಮುರಿದಿದ್ದರಿಂದ ನಮ್ಮಲ್ಲಿ ಆ ಸುದ್ದಿ ಎತ್ತಲಿಕ್ಕೆ ಅಂಜಿ ಸುಮ್ಮನೆ ಕೂತಿದ್ದರು. ಆಕೆಯ ಬಾಯಿಂದಲೇ ಇದನ್ನು ಕೇಳಿದ ಯಜಮಾನರು ಕಾರಿನಿಂದ ಇಳಿದು, ಎರಡೂ ಕೈಯಲ್ಲಿ ಕೀಲಿ ಹಿಡಿದು, "ಒಮ್ಮೆ ತೋರಸ್ರಲ್ಲ, ಅಕ್ಕಾರ" ಎಂದು ಕೊಟ್ಟರು. ಆಕೆ ಅದೇ ತಿರುವನ್ನು ಏಳು ಸಲ ತೋರಿಸಿದರು. ಎಳನೀರಿನವನು ಮೂರನೆಯ ಸಲಕ್ಕೆ ಗಟಾರದಿಂದ ಮೇಲೆ ಬಂದು ಚಪ್ಪಾಳೆ ತಟ್ಟಿದ. ರೈಲು ಹೊರಟುಹೋಯಿತು. ರಾತ್ರಿಯ ಊಟಕ್ಕೆ ಎಲ್ಲರೂ ನಮ್ಮ ಮನೆಗೇ ಮರಳಿದೆವು. ಅನುಜಾ ಬಾಗಿಲು ತೆಗೆದು, ಅತ್ತೆಯ ಕೈಗೆ ನೀರು ಕೊಟ್ಟಳು.

ಈಗ ನನ್ನ ಅಳಲೇನೆಂದರೆ, ಬೀಗರಿಬ್ಬರೂ ದಿನಕ್ಕೊಂದು ತಾಸು ಫೋನಿನಲ್ಲಿ ತಿರುವುಗಳ ವಿಚಾರವನ್ನೇ ಆಡುತ್ತಾರೆ, ಮುಹೂರ್ತದ ವಿಚಾರವನ್ನಲ್ಲ. ಮದುವೆಗೆ ಒಳ್ಳೆಯದೊಂದು ಮಂಗಲ ಕಾರ್ಯಾಲಯವನ್ನು, ಅದರ ಮುಂದಿನ ರಸ್ತೆ ತೀರಾ ನೆಟ್ಟಗಿದೆ ಎಂಬ ಕಾರಣಕ್ಕೆ, ಇಬ್ಬರೂ ಒಕ್ಕೊರಲಿನಿಂದ ಬೇಡವೆಂದರು. ಆದ್ದರಿಂದ ದಯಾಳುಗಳಾದ ತಾವು ನೆಟ್ಟಗೆ ಹೋಗುವುದನ್ನು ಕಲಿಸುವ ತರಗತಿಯೊಂದನ್ನು ಬೇಗನೆ ತೆರೆಯಬೇಕು. ಅದು ಆಗದಿದ್ದರೆ ತಮ್ಮ ಟ್ರ್ಯಾಕಿನ ಮೂರನೆಯ ತಿರುವಿನಲ್ಲಿ ಮಂಟಪ ಹಾಕಲು ಒಪ್ಪಿಗೆ ಕೊಟ್ಟು, ಅಲ್ಲಿಗೆ ಮುನ್ನೂರು ಜನಕ್ಕಾಗುವಷ್ಟು ನೆರಳನ್ನೂ ತರಿಸಿಕೊಡಬೇಕೆಂದು ಸವಿನಯವಾಗಿ ಬೇಡುತ್ತೇನೆ.

ತಮ್ಮ ವಿಶ್ವಾಸಿಯೂ, ತಮ್ಮ ಶಿಷ್ಯರ ಹಿಂದಿನ ಸೀಟನ್ನು ಗಟ್ಟಿಯಾಗಿ ಹಿಡಿದು ಕೂತವಳೂ ಆದ,
ಹರಿಣಾಕ್ಷಿ

ತಾ.ಕ.: ಈ ಪತ್ರ ಮುಗಿಸುವಾಗಲೇ ತಮ್ಮ ಶಾಲೆಗೆ ಫೋನ್ ಮಾಡಿದ್ದೆ. ತಾವು ಕಳೆದ ಗುರುವಾರ ಕಾರನ್ನು ಹಿಂದಕ್ಕೆ ತೆಗೆಯುವಾಗ ಶಾಲೆಯ ಗೇಟಿನ ಕಂಬಕ್ಕೇ ಹೊಡೆದು ಮೊಣಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಿರುವಿರೆಂದು ಕಾವಲುಗಾರ ತಿಳಿಸಿದ. ಬೇಗ ಗುಣವಾಗಲಿ. ಕಂಬ ಹೊರಗಿನ ಅಂಚಿನಲ್ಲಿತ್ತೋ, ಒಳಗಿನ ಅಂಚಿನಲ್ಲಿತ್ತೋ, ಬೀಗರು ಕೇಳುತ್ತಿದ್ದಾರೆ.