ಹದಿನಾಲ್ಕು ಮಹಡಿ ಇಳಿದ ರಾಕ್ಷಸ

ನಮ್ಮ ಅಜ್ಜಿಯ ಮೇಲೆ ಕೇಸು ಹಾಕಬಹುದಾದವರು ಕರ್ನಾಟಕದಲ್ಲಿ ಸಾವಿರಾರು ಜನ ಇದ್ದಾರೆ. ಎಲ್ಲರೂ ಚಿಕ್ಕಂದಿನಲ್ಲಿ ಇವರ ಕಥೆ ಓದಿ ಹಾಸಿಗೆ ಒದ್ದೆ ಮಾಡಿಕೊಂಡವರೇ! ಕನ್ನಡದಲ್ಲಿ ಮಕ್ಕಳಿಗಾಗಿ ಬರೆಯುವವರೇ ಅಪರೂಪವಾಗಿದ್ದ ಕಾಲದಲ್ಲಿ, ಧಾರವಾಡದ ಅಡುಗೆಮನೆಯಲ್ಲಿ ಕೂತು ಮಾಸಪತ್ರಿಕೆಗೆ ರಾಕ್ಷಸರನ್ನು ಸರಬರಾಜು ಮಾಡಿದವರು ಇವರು. ರಾಕ್ಷಸ ಬಾಗಿಲು ತಟ್ಟುತ್ತಿದ್ದಂತೆ ‘ಮುಂದಿನ ತಿಂಗಳು’ ಎಂದು ನಿಲ್ಲಿಸಿಬಿಡುವ ಚಾಳಿ ಬೇರೆ. ಅಲ್ಲಿಯವರೆಗೆ ಮಕ್ಕಳು ಬಚ್ಚಲಿಗೆ ಹೋಗುವುದು ಹೇಗೆ?

ಈಗ ಎಂಬತ್ತನಾಲ್ಕನೇ ವಯಸ್ಸಿನಲ್ಲಿ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನಲ್ಲಿ ನಮ್ಮ ಅಕ್ಕನ ಮನೆಯಲ್ಲಿದ್ದಾರೆ. ಅಕ್ಕನ ಆರು ವರ್ಷದ ಮಗಳ ಮುಂದೆ ಮಾತ್ರ ಇವರ ಆಟ ನಡೆಯದು.

“ರಾಕ್ಷಸ ಬಂದ್ನವಾ!”

“ಕಾಲ್ ದಿ ಪೊಲೀಸ್, ಅಜ್ಜಿ.”

ಇದನ್ನು ಇಬ್ಬರ ದನಿಯಲ್ಲೂ ಮಾಡಿ ತೋರಿಸಿ ನೆಂಟರನ್ನೆಲ್ಲ ನಗಿಸಿದ್ದೇನೆ. ದುಬೈಯಿಂದ ನಾನು ಬರುವುದೇ ಬಿಟ್ಟಿ ಊಟಕ್ಕೆ, ಅಷ್ಟಾದರೂ ಮಾಡಬೇಡವೇ!

ಹೋದ ಶನಿವಾರ ಅಕ್ಕ ತರಕಾರಿ ತರಲು ಹೋಗಿದ್ದಾಗ ಕಟ್ಟಡದ ಬೆಂಕಿ ಅಲಾರಂ ಹೊಡೆದುಕೊಂಡಿತು. ಹದಿನಾಲ್ಕನೇ ಮಹಡಿ. ಲಿಫ್ಟ್ ಬಂದ್. ಮೆಟ್ಟಿಲ ಬಾಗಿಲು ತೆರೆದರೆ ಸುಟ್ಟ ವಾಸನೆ. “ಯಲ್ಲಾ, ಯಲ್ಲಾ!” ಎಂದು ಕೆಳಗಿನಿಂದ ವಾಚ್‌ಮನ್ ಕೂಗಿ ಅವಸರಪಡಿಸುತ್ತಿದ್ದ. “ಐ ವಾಂಟ್ ಮಮ್ಮಿ!” ಎಂದು ಮಗು ಕಂಬಿ ತಬ್ಬಿ ನಿಂತುಬಿಟ್ಟಿತು. ಎತ್ತಿಕೊಳ್ಳೋಣವೆಂದರೆ ನನ್ನ ತೋಳಿಗೆ ಅಜ್ಜಿ ಜೋತುಬಿದ್ದಿದ್ದಾರೆ. ಯಾರನ್ನು ಬಿಡಲಿ? ಮಗುವನ್ನು ನಗಿಸೋಣವೆಂದು ವಾಚ್‌ಮನ್‌ನ ಹಾಗೆ ಕೂಗಲು ಹೋದೆ. ಬಂದದ್ದು ಕೋಳಿಮರಿಯ ದನಿ!

ಅಜ್ಜಿ ಮಗುವಿನತ್ತ ಬಗ್ಗಿದರು. “ಕೆಳಗಿನ ಮಹಡ್ಯಾಗ ಒಬ್ಬ ರಾಕ್ಷಸ ಅಳಾಕತ್ತಾನ. ಯಾಕಂತ ಅಲ್ಲೇ ಹೋಗಿ ಹೇಳತೀನಿ.”

ಮಗು ಕಂಬಿ ಬಿಟ್ಟಿತು.

ಹದಿಮೂರರಲ್ಲಿ ರಾಕ್ಷಸನ ಚಪ್ಪಲಿ ಕಳೆಯಿತು. ಹನ್ನೆರಡರಲ್ಲಿ ಅವನ ಅವ್ವನೇ ಕಾಣೆಯಾದಳು. ಪ್ರತಿ ಮಹಡಿಯಲ್ಲೂ ಅಜ್ಜಿ ಕಥೆ ನಿಲ್ಲಿಸುವುದು, “ದೆನ್?” ಎನ್ನುತ್ತ ಮಗು ಇನ್ನೊಂದು ಮಹಡಿ ಇಳಿಯುವುದು. ಹಿಂದೆ ಬರುತ್ತಿದ್ದ ಮಂಗಳೂರಿನವರೊಬ್ಬರು ಕೆಮ್ಮುತ್ತಲೇ ಕೇಳಿದರು: “ಅಮ್ಮ ಸಿಕ್ಕಿದ್ರಾ ಮಾರಾಯ್ರೇ?” ಆರನೇ ಮಹಡಿಯಲ್ಲಿ ಹೊಗೆ ಕಣ್ಣಿಗೆ ನುಗ್ಗಿತು. ಮೆಟ್ಟಿಲೇ ಕಾಣುತ್ತಿಲ್ಲ. ಇಲ್ಲೇ ಮುಗಿಯಿತು ಎಂದುಕೊಂಡೆ. ಅಜ್ಜಿಯ ದನಿ ಮಾತ್ರ ಒಂದಿಷ್ಟೂ ನಡುಗದೆ ಮುಂದೆ ಮುಂದೆ ಹೋಗುತ್ತಿತ್ತು.

ಬೀದಿಗೆ ಬಂದೆವು. ಯಾರದೋ ಅಡುಗೆಮನೆಗೆ ಬೆಂಕಿ ಬಿದ್ದಿತ್ತಂತೆ, ಆರಿಸಿದ್ದರು. ಅಜ್ಜಿ ಫುಟ್‌ಪಾತಿನ ಮೇಲೆ ಕುಸಿದು ಕೂತರು.

“ದೆನ್, ಅಜ್ಜಿ?”

“ಗೊತ್ತಿಲ್ಲವಾ. ಭಾಳ ಅಂಜಿಕಿ ಆಗಿತ್ತು. ಬಾಯಿಗೆ ಬಂದದ್ದು ಹೇಳಕೋತ ಬಂದೆ.”

ಅಷ್ಟು ರಾಕ್ಷಸರನ್ನು ಸಾಕಿದವರು ಬಿಕ್ಕಿ ಬಿಕ್ಕಿ ಅಳತೊಡಗಿದರು. ಮಗು ಅವರ ಪಕ್ಕ ಕೂತು, ಅವರದೇ ಸೆರಗಿನಿಂದ ಮುಖ ಒರೆಸಿ, ಹುಡುಕಿ ಹುಡುಕಿ ಕನ್ನಡ ಜೋಡಿಸಿತು:

“ಅಂಜಬ್ಯಾಡ ಅಜ್ಜಿ. ಅವನ ಅವ್ವ ಕೆಳಗೇ ಇದ್ಲು. ವೇಟ್ ಮಾಡ್ತಿದ್ಲು.”