ಮಾವನವರ ಕ್ಯಾಸೆಟ್ಟಿಗೆ ನಿಂಬೆಹಣ್ಣು

ಗಾಯಕ ಬಾಯಿ ತೆರೆಯುವ ಮೊದಲೇ, ಅವನು ಗಂಟಲು ಸರಿಮಾಡಿಕೊಳ್ಳುವ ರೀತಿಯಲ್ಲೇ ರಾಗ ಯಾವುದೆಂದು ಹೇಳಬಲ್ಲ ಮನುಷ್ಯ ಇಂಡಿ ತಾಲ್ಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೇ. ಈ ಮಾತನ್ನು ಬೇರೆ ಯಾರೂ ಹೇಳದ್ದರಿಂದ ಇಷ್ಟು ವರ್ಷ ನಾನೇ ಹೇಳಿಕೊಂಡು ಬಂದಿದ್ದೇನೆ.

ಊರಲ್ಲಿ ನನ್ನದೊಂದು ಗೊಬ್ಬರ, ಬೀಜದ ಅಂಗಡಿ. ಅದು ಹೊಟ್ಟೆಪಾಡು. ನಿಜವಾದ ಕಸುಬೆಂದರೆ ಶಾಸ್ತ್ರೀಯ ಸಂಗೀತದ ಕ್ಯಾಸೆಟ್ಟುಗಳ ಸಂಗ್ರಹ. ರೇಡಿಯೋದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು, ಮನೆಮಂದಿಗೆಲ್ಲ ಕೆಮ್ಮುವುದನ್ನೂ ನಿಷೇಧಿಸಿ ತುಂಬಿಸಿದ ಕ್ಯಾಸೆಟ್ಟುಗಳು ಅಟ್ಟದ ಮೇಲೆ ನಿಂಬೆಹಣ್ಣಿನ ಡಬ್ಬಿಗಳಲ್ಲಿವೆ. ನಿರೂಪಕರ ಮಾತು ಕಲೆಗೆ ಕಳಂಕ ಎಂಬುದು ನನ್ನ ಸಿದ್ಧಾಂತ. 'ಈಗ ಹಾಡುವವರು...' ಎಂದು ಆತ ಶುರುಮಾಡಿದ ಕೂಡಲೇ ಗುಂಡಿ ಒತ್ತಿ ನಿಲ್ಲಿಸಿಬಿಡುತ್ತಿದ್ದೆ. ಹೀಗಾಗಿ ಯಾರು ಹಾಡಿದರು, ಯಾವ ರಾಗ ಎಂಬ ವಿವರ ಇದ್ದದ್ದು ಹೆಂಡತಿ ಸುವರ್ಣಾ ಬರೆದು ಅಂಟಿಸಿದ ಚೀಟಿಗಳಲ್ಲಿ ಮಾತ್ರ. ಮುದ್ರಿಸಿದ ಮೇಲೆ ನಾನು ಯಾವುದನ್ನೂ ಮತ್ತೆ ಕೇಳಿದವನಲ್ಲ. ಕೇಳುತ್ತ ಕೂತರೆ ಸಂಗ್ರಹಿಸುವುದು ಯಾವಾಗ!

ಹೋದ ತಿಂಗಳು ಬಸವನ ಬಾಗೇವಾಡಿಯಿಂದ ಸುವರ್ಣಾಳ ತಮ್ಮ ಮಲ್ಲಣ್ಣ ಫೋನು ಮಾಡಿದ.

"ಬರೂ ರವಿವಾರ ಹೊಸ ಮನಿ ವಾಸ್ತುಶಾಂತಿ ಐತ್ರಿ. ಅವ್ವ ಒಂದ ಹಟ ಹಿಡದಾಳ. ಹೊಸ ಮನ್ಯಾಗ ಮೊದಲ ಅಪ್ಪನ ದನಿ ಕೇಳಬೇಕಂತ. ಅಪ್ಪ ಹಾಡಿದ್ದು ನಿಮ್ಮ ಹತ್ರ ಐತಲ್ರಿ?"

ಇತ್ತು. ಮಾವನವರು ಸಾಲಿ ಮಾಸ್ತರರು, ಹಾಡು ಕಲಿತವರು. ನಾನು ಹೊಸ ಅಳಿಯನಾಗಿ ಹೋಗಿದ್ದಾಗ ಒಂದು ರಾತ್ರಿ, ಊಟ ಮುಗಿಸಿ ಎಲ್ಲರೂ ಅಂಗಳದಲ್ಲಿ ಕೂತಿದ್ದಾಗ, ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಹಾಡಿದ್ದರು. ನಾನು ಮುದ್ರಿಸಿಕೊಂಡಿದ್ದೆ. ಅವರು ಹೋದ ಮೇಲೆ ಅವರ ದನಿ ಅಂತ ಉಳಿದದ್ದು ಅದೊಂದೇ. ಆ ರಾತ್ರಿ ಅವರು ರಾಗ ಯಾವುದೆಂದು ಕೇಳಿದರು. ನಾನು ಥಟ್ಟನೆ 'ಭೀಮಪಲಾಸ್' ಅಂದೆ. ಮಾವನವರು ಮನತುಂಬಿ ನಕ್ಕರು. ಇಂಥ ಕಿವಿಯುಳ್ಳ ಅಳಿಯ ಸಿಕ್ಕನಲ್ಲ ಎಂಬ ಸಂತೋಷ! ಆ ನಗುವನ್ನು ನಾನು ಇಂದಿಗೂ ಮಾನಪತ್ರದಂತೆ ಮನಸ್ಸಿನಲ್ಲಿ ತೂಗುಹಾಕಿಕೊಂಡಿದ್ದೇನೆ.

ಆ ಕ್ಯಾಸೆಟ್ಟನ್ನು ತೆಗೆದು ಚೀಲಕ್ಕೆ ಹಾಕಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಡಬ್ಬಿ ಹೇಗೂ ಕೆಳಗಿಳಿಯುತ್ತದೆ, ಸಂಗ್ರಹವನ್ನು ಒಮ್ಮೆ ವೈಜ್ಞಾನಿಕವಾಗಿ ವರ್ಗೀಕರಿಸಿಬಿಡೋಣ ಎಂಬ ಘನ ಆಲೋಚನೆ ನನಗೆ ಹೊಳೆಯಿತು. ರಾಗ, ತಾಳ, ಹಾಡುವ ಸಮಯ ಎಲ್ಲ ಇರುವ ಹೊಸ ಚೀಟಿಗಳನ್ನು ಅಚ್ಚು ಹಾಕಿಸಿದೆ. ಹಳೆಯವನ್ನು ಕೀಳುವುದಷ್ಟೇ ಬಾಕಿ.

"ಹಳೇದರ ಮ್ಯಾಲ ಹೊಸಾದು ಅಂಟಿಸ್ರಲ್ಲ" ಎಂದಳು ಸುವರ್ಣಾ.

"ಅದು ಅವೈಜ್ಞಾನಿಕ."

"ಕೀಳೂದಕ್ಕ ಮೊದಲ ಬರಕೋಳ್ರಿ ಹಂಗಾರ."

"ಬರಕೊಳ್ಳೂದು ಯಾಕ? ಕಿವಿ ಐತಲ್ಲ!"

ಅಂಟು ಬಿಡಲಿಲ್ಲ. ಆದರೆ ನಿಂಬೆಗೆ ಹೆಸರಾದ ಇಂಡಿಯಲ್ಲಿ ನಿಂಬೆಹಣ್ಣಿನಿಂದ ಆಗದ ಕೆಲಸವಿದೆಯೇ? ಹಿತ್ತಾಳೆ ಬೆಳಗಲು ನಿಂಬೆ, ಹೊಟ್ಟೆನೋವಿಗೆ ನಿಂಬೆ, ಹೊಸ ಗಾಡಿಯ ಗಾಲಿಯಡಿ ನಿಂಬೆ. ಕ್ಯಾಸೆಟ್ಟಿಗೇಕಾಗಬಾರದು! ಬುಟ್ಟಿ ತುಂಬ ಹಣ್ಣು ತಂದು, ಹೋಳು ಮಾಡಿ, ತೋಳೇರಿಸಿ ಕೂತೆ. ಸುವರ್ಣಾ ಒಂದು ಕ್ಷಣ ನನ್ನನ್ನೇ ನೋಡಿದಳು. ಡಬ್ಬಿಯೊಳಗೆ ಕೈ ಹಾಕಿ ಏನೋ ಹುಡುಕಾಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾನು ವಿಜ್ಞಾನದಲ್ಲಿ ಮುಳುಗಿದ್ದೆ.

ಚೀಟಿಗಳು ಬಾಳೆಸಿಪ್ಪೆಯಂತೆ ಸುಲಿದು ಬಂದವು. ಅಕ್ಷರಗಳು ನೀಲಿ ನೀರಾಗಿ ಬಚ್ಚಲು ಸೇರಿದವು. ರಸ ಆರಲೆಂದು ಕ್ಯಾಸೆಟ್ಟುಗಳನ್ನೆಲ್ಲ ಮಾಳಿಗೆಯ ಮೇಲೆ ಬಿಸಿಲಿಗೆ ಹರಡಿದೆ. ಪಕ್ಕದ ಮನೆಯ ಬಸಣ್ಣ ತನ್ನ ಮಾಳಿಗೆಯಿಂದ ಇಣುಕಿದ.

"ಸಾವ್ಕಾರ್ರ, ಈ ಸಲ ಹಪ್ಪಳ ಕರ್ರಗ ಆಗ್ಯಾವಲ್ರಿ?"

ಸಂಜೆ ಹೋಗಿ ನೋಡಿದರೆ ಹಪ್ಪಳಕ್ಕೂ ಅವಕ್ಕೂ ಹೆಚ್ಚಿನ ಅಂತರ ಉಳಿದಿರಲಿಲ್ಲ. ನಮ್ಮ ಬಿಸಿಲು ಶಾಸ್ತ್ರೀಯ, ಲಘು ಎಂದು ಭೇದ ಮಾಡುವುದಿಲ್ಲ. ಅರ್ಧದಷ್ಟು ಡೊಂಕಾಗಿದ್ದವು. ಟೇಪಿಗೆ ಹಾಕಿದರೆ ಎಳೆಯುತ್ತ, ಆಕಳಿಸುತ್ತ ಹಾಡುತ್ತಿದ್ದವು. ಎಲ್ಲ ಗಾಯಕರೂ ಜ್ವರ ಬಂದು ಮಲಗಿದವರೇ. ಯಾರು ಯಾರೆಂದು ಹೇಳಲು ನಿರೂಪಕರೂ ಇಲ್ಲ, ಅವರ ಬಾಯನ್ನು ನಾನೇ ಮುಚ್ಚಿಸಿದ್ದೆನಲ್ಲ!

ಆದರೂ ನಾನು ಎದೆಗುಂದಲಿಲ್ಲ. ಬೇಕಾದದ್ದು ಒಂದು ಗಂಡು ದನಿ, ಒಂದು ಪೇಟಿ, ಭೀಮಪಲಾಸ್. ಶನಿವಾರ ಸಿಕ್ಕೇಬಿಟ್ಟಿತು! ಎರಡು ಸ್ವರ ಕೇಳಿ ನಿಲ್ಲಿಸಿ, ಹೊಸ ಚೀಟಿ ಅಂಟಿಸಿ, ದಪ್ಪಕ್ಷರದಲ್ಲಿ 'ಮಾವನವರು. ಭೀಮಪಲಾಸ್. ಸಮಯ: ಮಧ್ಯಾಹ್ನ' ಎಂದು ಬರೆದೆ.

"ನಾನೂ ಒಮ್ಮಿ ಕೇಳ್ತೇನಿ ಕೊಡ್ರಿ" ಎಂದಳು ಸುವರ್ಣಾ.

"ಟೇಪು ಸವೀತೈತಿ. ನನ್ನ ಕಿವಿ ಮ್ಯಾಲ ನಂಬಿಕಿ ಇಲ್ಲೇನು?"

"ನಿಮಗ ಖರೇನ ಖಾತ್ರಿ ಐತೇನ್ರಿ?"

"ನೂರಕ್ಕ ನೂರು!"

ಆಕೆ ಮತ್ತೆ ಕೇಳಲಿಲ್ಲ. ಹೆಂಡತಿ ಎರಡನೇ ಸಲ ಕೇಳದಿದ್ದರೆ ಎಚ್ಚರಾಗಬೇಕು ಎಂಬುದು ಲಗ್ನವಾದವರಿಗೆಲ್ಲ ಗೊತ್ತಿರುವ ವಿಷಯ. ನನಗೆ ಆ ದಿನ ಮರೆತಿತ್ತು.

ರವಿವಾರ ಬಾಗೇವಾಡಿಯ ಹೊಸ ಮನೆಯಲ್ಲಿ ಪೂಜೆ ಮುಗಿಯಿತು. ಪಡಸಾಲೆ ತುಂಬ ಬೀಗರು, ನೆರೆಹೊರೆಯವರು. ಅತ್ತೆ ತಲೆಯ ಮೇಲೆ ಸೆರಗು ಹೊದ್ದು, ಟೇಪಿನ ಎದುರಿಗೇ ಕೂತರು. ನಾನು ಎದ್ದು ನಿಂತು ನಾಲ್ಕು ಮಾತಾಡಿದೆ. ಪ್ರತಿಯೊಂದು ರಾಗಕ್ಕೂ ತನ್ನ ಹೊತ್ತು ಇರುತ್ತದೆ, ಭೀಮಪಲಾಸ್ ಮಧ್ಯಾಹ್ನದ ರಾಗ, ಹೊತ್ತು ತಪ್ಪಿ ಹಾಡುವುದು ಮಹಾಪಾಪ ಎಂದೆಲ್ಲ ವಿವರಿಸಿ, ಗುಂಡಿ ಒತ್ತಿದೆ.

ಹಾಡು ಶುರುವಾಯಿತು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಾವನವರನ್ನು ಎಂದೂ ನೋಡದ ಒಬ್ಬರು "ಎಂಥಾ ದನಿ!" ಎಂದು ನಿಟ್ಟುಸಿರಿಟ್ಟರು. ನನ್ನ ಕಣ್ಣೂ ತೇವವಾಯಿತು. ಅತ್ತೆ ಮಾತ್ರ ಅಳಲಿಲ್ಲ. ಇನ್ನೂ ಯಾರೋ ಬರಬೇಕಾದವರಿದ್ದಾರೆ ಎನ್ನುವಂತೆ ಕೂತಿದ್ದರು.

ಹಾಡು ನಿಂತಿತು. ಟೇಪಿನೊಳಗಿಂದ ಒಂದು ಗಂಭೀರ ಧ್ವನಿ ಬಂತು.

"ರೈತ ಬಾಂಧವರೇ, ಎಮ್ಮೆ ಕರುಗಳಲ್ಲಿ ಭೇದಿ: ಕಾರಣ ಮತ್ತು ಪರಿಹಾರ."

ರೇಡಿಯೋ! ಮಧ್ಯಾಹ್ನದ ರಾಗ ಮುದ್ರಿಸುತ್ತ ನಾನು ಮಧ್ಯಾಹ್ನದ ನಿದ್ದೆಗೆ ಜಾರಿದ್ದಿರಬೇಕು. ಗುಂಡಿ ಒತ್ತುವವರೇ ಇರಲಿಲ್ಲ! ಈಗ ಒತ್ತಲು ಹಾರಿದೆ. ಮಲ್ಲಣ್ಣನ ಸೋದರಮಾವ ನನ್ನ ಕೈ ಹಿಡಿದರು.

"ತಡೀರಿ, ಪರಿಹಾರ ಹೇಳಲಿ. ನಮ್ಮ ಕರಕ್ಕ ಮೂರ್ನಾಕು ದಿನದಿಂದ ಅದ ಆಗೇತಿ."

ಪಡಸಾಲೆಯೆಲ್ಲ ನಕ್ಕಿತು. ನಾನು ಅತ್ತೆಯ ಮುಖ ನೋಡಿದೆ. ಅವರು ಹೊಸ ನೆಲವನ್ನೇ ನೋಡುತ್ತಿದ್ದರು. ಆಗ ಮಾತ್ರ ನನಗೆ ನಿಜವಾಗಿ ಸಂಕಟವಾಯಿತು. ಇದು ಮಾವನವರದಲ್ಲ. ಹಾಗಾದರೆ ಅವರದು? ಮಾಳಿಗೆಯ ಬಿಸಿಲಿನಲ್ಲಿ ಸುಟ್ಟ ಹಪ್ಪಳಗಳಲ್ಲಿ ಒಂದು!

"ಅತ್ತೀ, ನನ್ನಿಂದ ತಪ್ಪಾತ್ರಿ" ಎಂದೆ. "ನನಗ ಗೊತ್ತಾಗಲಿಲ್ಲ."

ಸುವರ್ಣಾ ಎದ್ದಳು. ತನ್ನ ಚೀಲದಿಂದ ಸೀರೆಯಂಚಿನ ತುಂಡಿನಲ್ಲಿ ಸುತ್ತಿದ್ದ ಕ್ಯಾಸೆಟ್ಟೊಂದನ್ನು ತೆಗೆದಳು. ಅದರ ಮೇಲೆ ಅವಳದೇ ಅಕ್ಷರದ ಹಳೆಯ ಚೀಟಿ!

"ನೀವು ನಿಂಬಿಹಣ್ಣು ಹೆಚ್ಚಾಕ ಕುಂತಾಗನ ತೆಗದಿಟ್ಟಿದ್ದೆ. ಒಮ್ಮೆರ 'ಗೊತ್ತಾಗಲಿಲ್ಲ' ಅಂತೀರೇನೋ ಅಂತ ಕಾಯಾಕತ್ತಿದ್ದೆ. ಅದಕ್ಕ ಬಾಗೇವಾಡಿತನಾ ಬರಬೇಕಾತು."

"ಎಮ್ಮಿ ಮಾತೂ ಮನಿಗೆ ಶುಭಾನ. ಹಚ್ಚವಾ" ಎಂದರು ಅತ್ತೆ.

ಪೇಟಿ ಮೊದಲು, ಆಮೇಲೆ ಮಾವನವರ ದನಿ. ಒಂದಿಷ್ಟೂ ಡೊಂಕಿಲ್ಲದ ದನಿ. ಅತ್ತೆ ಕಣ್ಣು ಮುಚ್ಚಿದರು. ಮಲ್ಲಣ್ಣ ಗೋಡೆಗೆ ಮುಖ ಮಾಡಿ ನಿಂತ. ಹಾಡು ಮುಗಿಯಿತು, ಆದರೆ ಕ್ಯಾಸೆಟ್ಟು ಮುಗಿಯಲಿಲ್ಲ.

"ಹೇಳ್ರಿ ನೋಡೂಣು ಅಳಿಯಂದ್ರ, ಇದು ಯಾವ ರಾಗ?"

ಆಮೇಲೆ ಒಂದು ತೆಳ್ಳನೆಯ, ಅಪಾರ ಆತ್ಮವಿಶ್ವಾಸದ ಎಳೆಯ ದನಿ. ನನ್ನದೇ!

"ಭೀಮಪಲಾಸ್! ಮತ್ತೇನ್ರಿ!"

ಆಮೇಲೆ ಮಾವನವರ ಆ ಮನತುಂಬಿದ ನಗು, ನನ್ನ ಮಾನಪತ್ರ. ಅದರ ಹಿಂದೆಯೇ, ಪಕ್ಕದಲ್ಲಿದ್ದ ಅತ್ತೆಗೆ ಅವರು ಮೆಲ್ಲಗೆ ಹೇಳಿದ ಮಾತೂ ಟೇಪಿನಲ್ಲಿ ಬಿದ್ದಿತ್ತು.

"ಬಾಗೇಶ್ರೀ ಇದು. ಇರ್ಲಿ ಬಿಡು, ಹುಡುಗ ಚಲೋ ಅದಾನ."

ಅತ್ತೆ ಕಣ್ಣು ತೆರೆದರು. ಆ ದಿನ ಮೊದಲ ಸಲ ನಕ್ಕರು.

"ರಾತ್ರಿ ಉಂಡು ಕುಂತಾಗ ಯಾರರ ಭೀಮಪಲಾಸ ಹಾಡ್ತಾರೇನ್ರಿ? ಈಗ ನೀವ ಹೇಳಿದ್ರಲ್ಲ, ಮಹಾಪಾಪ ಅಂತ!"

ನಗುತ್ತಲೇ ಕಣ್ಣೊರೆಸಿಕೊಂಡು, ಮಗನಿಗೆ "ಮಲ್ಲಾ, ಹಿಂದ ತಿರುವು. ಅಳಿಯಂದ್ರು ಹೇಳಿದ್ದು ಇನ್ನೊಮ್ಮಿ ಕೇಳೂಣು" ಎಂದರು. ಅದನ್ನು ಎಷ್ಟು ಸಲ ತಿರುವಿದರೋ! ಟೇಪು ಸವೆಯುತ್ತದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಇಂಡಿಗೆ ಮರಳಿದ ಮೇಲೆ ವರ್ಗೀಕರಣದ ಕಾರ್ಯವನ್ನು ಪೂರ್ಣಗೊಳಿಸಿದ್ದೇನೆ. ಈಗ ಪ್ರತಿ ಕ್ಯಾಸೆಟ್ಟಿನ ಮೇಲೂ ಅಚ್ಚುಕಟ್ಟಾದ ಹೊಸ ಚೀಟಿ ಇದೆ. ರಾಗ ಎಂಬಲ್ಲಿ, ಒಂದನ್ನೂ ಬಿಡದೆ, ನನ್ನದೇ ಅಕ್ಷರದಲ್ಲಿ ಬರೆದಿದ್ದೇನೆ: 'ಸುವರ್ಣಾಳನ್ನು ಕೇಳಬೇಕು.'