ಡಾಕ್ಟರ ಹಾಡು, ಕಾಯುವವರ ಪಾಡು

ಊರಿನ ಅರ್ಧ ಜನರ ಬಾಯಿ ಬಿಡಿಸಿದ್ದ ಹಲ್ಲಿನ ಡಾಕ್ಟರು ಮನೆಯಲ್ಲಿ ಮಾತ್ರ ಬಾಯಿ ಬಿಡುವ ಮುಂಚೆ ಎರಡು ಸಲ ಯೋಚಿಸುತ್ತಿದ್ದರು. ಮನೆಯ ಮುಂದಿನ ಎರಡು ಕೋಣೆಗಳೇ ಅವರ ಕ್ಲಿನಿಕ್. ಒಳಗಿನದರಲ್ಲಿ ಕುರ್ಚಿ, ದೀಪ, ಗುಂಯ್‌ಗುಡುವ ಡ್ರಿಲ್ಲು ಮತ್ತು ಡಾಕ್ಟರು. ಹೊರಗಿನದರಲ್ಲಿ ಮೇಜು, ಫೋನು, ಅಪಾಯಿಂಟ್‌ಮೆಂಟ್ ಪುಸ್ತಕ ಮತ್ತು ಅವರ ಹೆಂಡತಿ. ಒಳಗಿನ ಸಾಮ್ರಾಜ್ಯಕ್ಕೆ ಯಾರು ಬರಬೇಕು, ಎಷ್ಟು ಹೊತ್ತಿಗೆ ಬರಬೇಕು ಎಂಬುದೆಲ್ಲ ಹೊರಗಿನ ಸಿಂಹಾಸನದಲ್ಲೇ ತೀರ್ಮಾನವಾಗುತ್ತಿತ್ತು.

ಒಂದು ಕರೆ ನಡೆಯುತ್ತಿರುವಾಗ ಇನ್ನೊಂದು ಬಂದರೆ ಆಕೆ "ಒಂದ್ನಿಮಿಷ ಇರಿ" ಎಂದು ಗುಂಡಿ ಒತ್ತುತ್ತಿದ್ದರು. ಕಾಯುವವರ ಕಿವಿಗೆ ಹಳೆಯ ಸಿನಿಮಾ ಹಾಡೊಂದು ಬೀಳುತ್ತಿತ್ತು. ಆರು ವರ್ಷ ಯಾರೂ ಅಪಸ್ವರ ಎತ್ತಲಿಲ್ಲ. ಏಳನೆಯ ವರ್ಷ ಕಾಗದ ಬಂತು. ಹಾಡುಗಳ ಹಕ್ಕು ನೋಡಿಕೊಳ್ಳುವ ಕಚೇರಿಯದು. ವ್ಯಾಪಾರದವರು, ವೃತ್ತಿಯವರು ಫೋನಿನಲ್ಲಿ ಕಾಯುವವರಿಗೆ ಹಾಡು ಕೇಳಿಸುವುದೂ ಸಾರ್ವಜನಿಕವಾಗಿ ಹಾಡು ಹಾಕಿದಂತೆಯೇ ಲೆಕ್ಕ, ಆದ್ದರಿಂದ ತಾವು ಲೈಸೆನ್ಸ್ ಪಡೆಯತಕ್ಕದ್ದು ಎಂದು ಬಹಳ ಮರ್ಯಾದೆಯಿಂದ ಬರೆದಿದ್ದರು.

ಹೆಂಡತಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ನೀವು ಹಲ್ಲು ಕಟ್ಟಿ ಫೀಸು ತಗೊಳ್ಳಲ್ವಾ, ಅವರು ಹಾಡು ಕಟ್ಟಿದ್ದಾರೆ, ಅಷ್ಟೇ ತಾನೇ ಎಂದರು. ಪುಣ್ಯಾತ್ಮರು ಅಲ್ಲಿಗೇ ತಲೆಯಾಡಿಸಿದ್ದರೆ ಎಲ್ಲ ಸುಖವಾಗಿ ಮುಗಿಯುತ್ತಿತ್ತು. ಆದರೆ ಡಾಕ್ಟರಿಗೆ ಬೇರೆಯೇ ಹೊಳೆದಿತ್ತು. ಕಾಲೇಜಿನಲ್ಲಿ ಒಮ್ಮೆ ಹಾಡಿ ಸೋಪಿನ ಡಬ್ಬಿ ಗೆದ್ದವರು ಅವರು. (ಹಾಡಿದವರಿಗೆಲ್ಲ ಒಂದೊಂದು ಸೋಪಿನ ಡಬ್ಬಿ ಹಂಚಿದ್ದರೆಂಬ ಸಂಗತಿ ಹೆಂಡತಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಆಕೆ ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದರು.)

"ನನ್ನ ಹಾಡು, ನನ್ನ ರಾಗ, ನನ್ನ ಗಂಟಲು, ನನ್ನ ಫೋನು. ಇನ್ಯಾರ ಲೈಸೆನ್ಸ್ ಬೇಕು?" ಎಂದರು ಡಾಕ್ಟರು.

"ಕಿವಿ ಮಾತ್ರ ಬೇರೆಯವರದ್ದು," ಎಂದರು ಹೆಂಡತಿ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಒಳಕೋಣೆಯ ಗೋಡೆಗೆಲ್ಲ ಟೈಲ್ಸ್ ಇರುವುದರಿಂದ ದನಿ ಚೆನ್ನಾಗಿ ಮೊಳಗುತ್ತದೆಂದು ಡಾಕ್ಟರು ಪೇಷೆಂಟ್ ಕುರ್ಚಿಯಲ್ಲೇ ಅರ್ಧ ಮಲಗಿ ಹಾಡಿದರು. ಸಹನೆಯ ಮೇಲೆ ಅವರೇ ಬರೆದ ಹಾಡು. ಮಾತು ಎರಡೇ ಸಾಲು, ಮಿಕ್ಕಿದ್ದೆಲ್ಲ ಆಲಾಪನೆ. ಅದನ್ನು ರೆಕಾರ್ಡ್ ಮಾಡಿಕೊಂಡ ಮಗಳು ಒಮ್ಮೆ ಕಿವಿಗಿಟ್ಟು ಕೇಳಿ, ಇನ್ನೊಂದ್ಸಲ ಹಾಡಿ ನೋಡೋಣ್ವಾ ಅಪ್ಪಾ ಎಂದಳು. ಮಗಳಿಗೆ ಅಷ್ಟು ಇಷ್ಟವಾಯಿತಲ್ಲ ಎಂದು ಅಪ್ಪನ ಕಣ್ಣು ತುಂಬಿತು. ಎರಡನೆಯ ಸಲ ಇನ್ನೂ ಉದ್ದ ಎಳೆದರು. ಅದನ್ನೇ ಫೋನಿಗೆ ಜೋಡಿಸಿದ್ದಾಯಿತು. ಈಗ ನಮ್ಮಲ್ಲಿ ಬರುವುದು ನನ್ನ ಸ್ವಂತ ಸಂಗೀತ ಎಂದು ಕಚೇರಿಗೆ ಎದೆಯುಬ್ಬಿಸಿ ಉತ್ತರ ಬರೆದದ್ದೂ ಆಯಿತು.

ಆ ವಾರದಿಂದ ಅಪಾಯಿಂಟ್‌ಮೆಂಟ್ ಪುಸ್ತಕದ ಪುಟಗಳು ಬೆಳ್ಳಗಾಗತೊಡಗಿದವು. ಕಾಯಿರಿ ಎಂದವರು ಕಾಯುತ್ತಿರಲಿಲ್ಲ. ಹೆಂಡತಿ ಮತ್ತೆ ಕಿವಿಗಿಟ್ಟರೆ ಲೈನು ಸತ್ತಿರುತ್ತಿತ್ತು. ಹಾಡು ಹಿಡಿಸಿಲ್ಲವೇನೋ ಎಂದು ಆಕೆ ಒಂದು ಮಾತು ಹೇಳಿ ನೋಡಿದರು. ಈ ಊರಿನವರಿಗೆ ಹಲ್ಲಿನಂತೆ ಅಭಿರುಚಿಯೂ ಹುಳುಕು ಎಂದರು ಡಾಕ್ಟರು. ಕಾದು ಬಂದ ಕೆಲವರ ರೀತಿಯೂ ವಿಚಿತ್ರ. ರಿಟೈರಾದ ಹೆಡ್‌ಮಾಸ್ಟರು ಬಾಗಿಲಲ್ಲೇ ನಿಂತು, ಮರಗಟ್ಟುವ ಇಂಜೆಕ್ಷನ್ ಎಲ್ಲರಿಗೂ ಕೊಡ್ತೀರಾ, ಕೆಲವರಿಗೆ ಮಾತ್ರವಾ ಎಂದು ವಿಚಾರಿಸಿದರು. ಬಟ್ಟೆ ಹೊಲಿಯುವಾಕೆ ಕುರ್ಚಿಯ ತುದಿಯಲ್ಲಿ ಕೂತು, ಅವರು ಈಗ ಹೇಗಿದ್ದಾರೆ ಡಾಕ್ಟ್ರೇ ಎಂದು ಮೆಲ್ಲಗೆ ಕೇಳಿದಳು. ಯಾರೆಂದು ಡಾಕ್ಟರಿಗೆ ತಿಳಿಯಲಿಲ್ಲ. ಆದರೂ, ಚೆನ್ನಾಗಿದ್ದಾರೆ ಎಂದರು. ಆಕೆ ಕಣ್ಣೊರೆಸಿಕೊಂಡಳು. ಹಾಡಿನ ಕರುಣರಸ ಇನ್ನೂ ಇಳಿದಿಲ್ಲ ಎಂದುಕೊಂಡು ಡಾಕ್ಟರು ಒಳಗೊಳಗೇ ಹಿಗ್ಗಿದರು.

ಮೂರನೆಯ ವಾರ, ಆ ಕಚೇರಿಯ ಅಧಿಕಾರಿಣಿ ವಿಚಾರಣೆಗೆಂದು ಫೋನು ಮಾಡಿದರು. ಇನ್ನೊಂದು ಕರೆಯಲ್ಲಿದ್ದ ಹೆಂಡತಿ ಅವರನ್ನು ನಾಲ್ಕು ನಿಮಿಷ ಕಾಯಿಸಿದರು. ಆಕೆ ಪಾಪ, ಕೊನೆಯವರೆಗೂ ಕಾದರು. ಕೆಲಸವೇ ಅದಲ್ಲವೇ.

"ನಿಮ್ಮ ಯಜಮಾನರು ಸ್ವಂತ ಸಂಗೀತ ಹಾಕಿದ್ದೀನಿ ಅಂತ ಬರೆದಿದ್ದಾರೆ, ಮೇಡಂ. ನಾನು ಪೂರ್ತಿ ಕಾದೆ. ಸಂಗೀತ ಯಾವುದೂ ಬರಲಿಲ್ಲ, ಹಾಗೇ ಬರ್ಕೊಂಡಿದ್ದೀನಿ," ಎಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಮಾತು, ತಪ್ಪು ತಿಳೀಬೇಡಿ. ಒಳಗಿನ ಬಾಗಿಲು ಹಾಕಿಸಿಬಿಡಿ. ಆ ಮನುಷ್ಯ ನರಳೋದು ಇಲ್ಲೀವರೆಗೂ ಕೇಳಿಸ್ತಿದೆ."

ಹೆಡ್‌ಮಾಸ್ಟರ ಇಂಜೆಕ್ಷನ್ನು, ಹೊಲಿಯುವಾಕೆಯ ಕಣ್ಣೀರು, ಸತ್ತ ಲೈನುಗಳು, ಎಲ್ಲವೂ ಹೆಂಡತಿಗೆ ಒಂದೇ ಏಟಿಗೆ ಅರ್ಥವಾದವು. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿ, ಸಾಕಾಗುವಷ್ಟು ನಕ್ಕು, ಮುಖ ತೊಳೆದುಕೊಂಡು ಬಂದರು. ಆಮೇಲೆ ಯೋಚನೆಗೆ ಬಿದ್ದರು. ಇಪ್ಪತ್ತು ವರ್ಷದ ಸಂಸಾರ. ಆಕೆ ಒಂದು ಹಲ್ಲೂ ಕಿತ್ತವರಲ್ಲ. ಆದರೆ ಕೀಳುವ ಮುಂಚೆ ಮರಗಟ್ಟಿಸಬೇಕು ಎನ್ನುವುದನ್ನು ಮಾತ್ರ ನೋಡಿ ನೋಡಿ ಕಲಿತಿದ್ದರು. ಊಟವಾದ ಮೇಲೆ, ನಿಮ್ಮ ದನಿಯಲ್ಲಿ ಭಾವ ತುಂಬಾ ಇದೆ ರೀ, ಕೇಳಿದವರು ಮರೆಯೋದೇ ಇಲ್ಲ ಎಂದು ಮೊದಲ ಸೂಜಿ ಚುಚ್ಚಿದರು. ಗಂಡ ಹದವಾಗಿ ಮೆತ್ತಗಾದಾಗ, ನೀವೇ ಒಂದ್ಸಲ ಫೋನಿನಲ್ಲಿ ಕೇಳಿ ನೋಡಿ ಎಂದರು.

ಡಾಕ್ಟರು ಮೊಬೈಲು ಹಿಡಿದು ಹಿತ್ತಲಿಗೆ ಹೋಗಿ ತಮ್ಮ ಕ್ಲಿನಿಕ್ಕಿಗೆ ತಾವೇ ಕರೆ ಮಾಡಿದರು. ಒಂದ್ನಿಮಿಷ ಇರಿ ಎಂದು ಹೆಂಡತಿ ಗುಂಡಿ ಒತ್ತಿ ಕಿಟಕಿಯ ಬಳಿ ನಿಂತರು. ಮೊದಲು ಡಾಕ್ಟರ ತಲೆ ತೂಗಿತು. ಆಮೇಲೆ ತೂಗುವುದು ನಿಂತಿತು. ಫೋನು ಬಲಗಿವಿಯಿಂದ ಎಡಗಿವಿಗೆ ಹೋಯಿತು. ಎಕ್ಸ್‌ರೇ ನೋಡುವಾಗ ಮಾತ್ರ ಮೂಡುವ ಗಂಟು ಹುಬ್ಬಿನ ನಡುವೆ ಮೂಡಿತು. ಪೂರ್ತಿ ಕೇಳಿ ಮುಗಿಸಿ ನಿಧಾನವಾಗಿ ಒಳಗೆ ಬಂದು ಕೂತರು.

"ದವಡೆ ಹಲ್ಲು," ಎಂದರು. "ಕೆಳಗಿನದು. ನೋವು ಬೇರಿಗೆ ಇಳಿದುಬಿಟ್ಟಿದೆ."

ಹೆಂಡತಿ ಹಲ್ಲು ಕಚ್ಚಿ ತಡೆದುಕೊಂಡರು. ಆಗಲಿಲ್ಲ. ಸ್ವಲ್ಪ ಹೊತ್ತಿಗೆ ಡಾಕ್ಟರಿಗೂ ಆಗಲಿಲ್ಲ. ಇಬ್ಬರೂ ನಕ್ಕು ಸುಸ್ತಾದ ಮೇಲೆ, ಅಧಿಕಾರಿಣಿ ಫೋನಿನಲ್ಲಿ ಹೇಳಿದ್ದನ್ನೂ ಹೆಂಡತಿ ತಿಳಿಸಿದರು. ಆ ಹೊಲಿಯುವಾಕೆ ಯಾರನ್ನು ವಿಚಾರಿಸಿದಳೆಂದು ಈಗ ಗೊತ್ತಾಯ್ತು ಎಂದರು ಡಾಕ್ಟರು.

ಮರುದಿನವೇ ಲೈಸೆನ್ಸಿನ ಅರ್ಜಿ ತರಿಸಿದರು. ಹೆಸರು, ವೃತ್ತಿ, ಫೋನು ಎಷ್ಟು, ಎಲ್ಲವನ್ನೂ ಮುತ್ತು ಪೋಣಿಸಿದಂತೆ ತುಂಬಿದರು. 'ಸದ್ಯ ಕರೆಗಾರರಿಗೆ ಕೇಳಿಸುತ್ತಿರುವ ಸಂಗೀತ' ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಏನು ಬರೆಯಲಿ ಎಂಬಂತೆ ಹೆಂಡತಿಯ ಮುಖ ನೋಡಿದರು.

"ಸುಳ್ಳು ಯಾಕೆ ಬರೀತೀರಿ?" ಎಂದರು ಆಕೆ. "ಅವರೇ ಕೇಳಿ ಹೇಳಿದ್ದಾರಲ್ಲ."

ಡಾಕ್ಟರು 'ಯಾವುದೂ ಇಲ್ಲ' ಎಂದು ಬರೆದು, ಕೆಳಗೆ ಸಹಿ ಹಾಕಿದರು.